ದೇಶ ಶೋಕದಲ್ಲಿರುವ ದಿನ ಶಾಲೆಯ ಮಗುವಿನೊಡನೆ ಮಾತನಾಡುವ ಬಗೆ

ಪ್ರಧಾನಿಯೊಬ್ಬರು ಹಠಾತ್ತನೆ ತೀರಿಕೊಂಡಾಗ, ಭೂಕಂಪದಲ್ಲಿ ಊರೇ ನೆಲಸಮವಾದಾಗ, ಗಡಿಯಲ್ಲಿ ಸೈನಿಕರು ಮಡಿದಾಗ ಶಾಲೆಯಲ್ಲಿ ಏನು ಮಾಡಬೇಕೆಂಬುದು ನಮಗೆಲ್ಲ ರೂಢಿಯಾಗಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಮೌನ ಆಚರಿಸುತ್ತೇವೆ, ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಆದೇಶ ಬಂದರೆ ಗಂಟೆ ಬಾರಿಸಿ ಮಕ್ಕಳನ್ನು ಮನೆಗೆ ಕಳಿಸುತ್ತೇವೆ. ಆ ಸುದ್ದಿಯನ್ನು ಮಗು ಏನೆಂದು ತಿಳಿದುಕೊಂಡಿತು ಎಂದು ಕೇಳುವುದು ಮಾತ್ರ ನಮ್ಮ ರೂಢಿಯಲ್ಲಿಲ್ಲ. ಗದಗ ಮತ್ತು ಹುಬ್ಬಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ 2016ರಲ್ಲಿ ನಿವೃತ್ತಳಾದ ನಾನು, ಹಾಗೆ ಕೇಳುವ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಶಿಕ್ಷಕರಿಗಾಗಿಯೂ ತಂದೆತಾಯಂದಿರಿಗಾಗಿಯೂ ಬರೆಯುತ್ತಿದ್ದೇನೆ. ಇದು ತರಬೇತಿಯಲ್ಲಿ ಕಲಿತದ್ದಲ್ಲ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನನ್ನನ್ನು ಯಾರೂ ಕೇಳದೆ ಹೋದದ್ದರಿಂದ ಕಲಿತದ್ದು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಗದಗ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು, ರಾಜ್ಯಕ್ಕೆ ಮೈಸೂರು ಎಂಬ ಹೆಸರಿತ್ತು. 1965ರ ಯುದ್ಧ ಮುಗಿದಿತ್ತು, ದೇಶದಲ್ಲಿ ಧಾನ್ಯದ ಕೊರತೆಯಿತ್ತು, ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಜನರನ್ನು ಕೇಳಿಕೊಂಡಿದ್ದರು. ಅಂದಿನಿಂದ ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. 1966ರ ಜನವರಿ 10 ಸೋಮವಾರವಾಗಿತ್ತು. ಆ ರಾತ್ರಿ ಹಸಿವು ತಾಳಲಾರದೆ ನಾನು ಗಡಿಗೆಯಿಂದ ಒಂದು ಹಿಡಿ ಶೇಂಗಾ ಮತ್ತು ಒಂದು ಚೂರು ಬೆಲ್ಲವನ್ನು ಕದ್ದು ತಿಂದೆ. ಅದೇ ದಿನ ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೊಡನೆ ಒಪ್ಪಂದಕ್ಕೆ ಸಹಿ ಮಾಡಿದ್ದ ಶಾಸ್ತ್ರಿಯವರು, ನಡುರಾತ್ರಿ ಕಳೆದ ಮೇಲೆ ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಮಂಗಳವಾರ ಬೆಳಿಗ್ಗೆ ಹೋಟೆಲಿನ ರೇಡಿಯೋ ಕೇಳಿ ಬಂದ ಕಾಕಾ, "ಶಾಸ್ತ್ರಿ ಹೋದ್ರಂತ" ಎಂದರು. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಓಣಿಯ ಮಗ್ಗಗಳ ಸಪ್ಪಳವೆಲ್ಲ ಒಂದೊಂದಾಗಿ ನಿಂತಿತು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಸಪ್ಪಳ ನಿಂತದ್ದೇ ನನಗೆ ಸಾವಿನ ಸುದ್ದಿಗಿಂತ ಹೆಚ್ಚು ಭಯ ತಂದಿತು. ಊಟ ಬಿಡಬೇಕಾದ ರಾತ್ರಿ ನಾನು ತಿಂದೆ, ಅದೇ ರಾತ್ರಿ ಅವರು ಸತ್ತರು ಎಂದು ಒಂಬತ್ತು ವರ್ಷದ ನನ್ನ ತಲೆ ಲೆಕ್ಕ ಹಾಕಿತು.

ಆಮೇಲೆ ಎಷ್ಟೋ ತಿಂಗಳು ನಾನು ಸೋಮವಾರ ರಾತ್ರಿ ತುತ್ತು ಮುಟ್ಟಲಿಲ್ಲ. ಅವ್ವ ನೆರೆಮನೆಯವರ ಮುಂದೆ ಹಿಗ್ಗಿನಿಂದ, "ನಮ್ಮ ಹುಡುಗಿಗಿ ಸೋಮವಾರದ ಭಕ್ತಿ ಬಂದೈತ್ರಿ" ಎಂದು ಹೇಳಿಕೊಳ್ಳುತ್ತಿದ್ದಳು. ಮಗುವಿನ ಸಂಕಟ ಯಾವಾಗಲೂ ಅಳುವಿನ ರೂಪದಲ್ಲಿಯೇ ಬರುತ್ತದೆ ಎಂದು ನಂಬಿ ಕುಳಿತರೆ, ಭಕ್ತಿಯಂತೆ, ಶಿಸ್ತಿನಂತೆ, ಜಾಣತನದಂತೆ ಕಾಣುವ ಸಂಕಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮುಂದೆ ಹೇಳುವುದನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ವಿನಂತಿ.

ಹೇಳುವ ಮೊದಲು

ಸುದ್ದಿ ಬಂದ ಕೂಡಲೇ ತರಗತಿಗೆ ಓಡಬೇಡಿ. ಮೊದಲು ಸುದ್ದಿ ನಿಜವೇ ಎಂಬುದನ್ನು ಆಕಾಶವಾಣಿಯಿಂದಲೋ ದೂರದರ್ಶನದಿಂದಲೋ ಇಲಾಖೆಯ ಆದೇಶದಿಂದಲೋ ಖಚಿತಪಡಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಸತ್ತವರ ಸಂಖ್ಯೆಯನ್ನು ಮಕ್ಕಳ ಮುಂದೆ ಹೇಳಿ, ಸಂಜೆಗೆ ಅದು ಸುಳ್ಳೆಂದು ಗೊತ್ತಾದರೆ, ನೀವು ಹೇಳಿದ ಉಳಿದ ಮಾತುಗಳ ಮೇಲೂ ಮಕ್ಕಳಿಗೆ ನಂಬಿಕೆ ಉಳಿಯುವುದಿಲ್ಲ. ನಿಮಗೇ ಅಳು ಬರುತ್ತಿದ್ದರೆ ಶಿಕ್ಷಕರ ಕೋಣೆಯಲ್ಲಿ ಅತ್ತು, ನೀರು ಕುಡಿದು, ಆಮೇಲೆ ಹೋಗಿ. ಮಕ್ಕಳ ಮುಂದೆ ಕಣ್ಣು ಒದ್ದೆಯಾದರೆ ತಪ್ಪೇನೂ ಇಲ್ಲ, ಆದರೆ ತಮ್ಮನ್ನು ನೋಡಿಕೊಳ್ಳಬೇಕಾದ ಗುರುಗಳನ್ನು ತಾವೇ ಸಂತೈಸಬೇಕಾದ ಸ್ಥಿತಿ ಮಕ್ಕಳಿಗೆ ಬರಬಾರದು.

ಶಾಲೆಯಲ್ಲಿ ಎಷ್ಟೇ ಜನ ಶಿಕ್ಷಕರಿರಲಿ, ಮುಖ್ಯ ಗುರುಗಳು ಎಲ್ಲರನ್ನೂ ಐದು ನಿಮಿಷ ಕೂಡಿಸಿ ಹೇಳಬೇಕಾದ ಮೂರು ವಾಕ್ಯಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಐದನೆಯ ತರಗತಿಯಲ್ಲಿ ಒಂದು ಮಾತು, ಆರನೆಯ ತರಗತಿಯಲ್ಲಿ ಇನ್ನೊಂದು ಮಾತು ಹೇಳಿದರೆ, ಊಟದ ಬಿಡುವಿನಲ್ಲಿ ಆ ಎರಡೂ ಸೇರಿ ಮೂರನೆಯ ಕಥೆ ಹುಟ್ಟುತ್ತದೆ.

ಹೇಳುವ ಮಾತು

ಆ ಮೂರು ವಾಕ್ಯಗಳಲ್ಲಿ ಏನಾಯಿತು, ಎಲ್ಲಿ ಆಯಿತು, ಈಗ ಯಾರು ಏನು ಮಾಡುತ್ತಿದ್ದಾರೆ ಎಂಬುದು ಇರಬೇಕು. "ನಿನ್ನೆ ರಾತ್ರಿ ನಮ್ಮ ದೇಶದ ಪ್ರಧಾನಿ ಸತ್ತುಹೋದರು. ಅವರು ಬೇರೆ ದೇಶದ ಒಂದು ಊರಿನಲ್ಲಿದ್ದರು, ಹೃದಯದ ಬೇನೆಯಿಂದ ಸತ್ತರು. ಅವರ ದೇಹವನ್ನು ದೆಹಲಿಗೆ ತರುತ್ತಿದ್ದಾರೆ, ದೇಶದ ಕೆಲಸವನ್ನು ಇನ್ನೊಬ್ಬರು ವಹಿಸಿಕೊಂಡಿದ್ದಾರೆ." 1966ರಲ್ಲಿ ಯಾರಾದರೂ ನನಗೆ ಇಷ್ಟು ಹೇಳಿದ್ದರೆ ಸಾಕಾಗಿತ್ತು. ಗುಲ್ಜಾರಿಲಾಲ್ ನಂದಾ ಅವರು ಹಂಗಾಮಿ ಪ್ರಧಾನಿಯಾದದ್ದು ದೊಡ್ಡವರಿಗೆ ರಾಜಕೀಯದ ಸುದ್ದಿಯಾಗಿತ್ತು. ಈಗ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಚಿಂತಿಸುತ್ತಿದ್ದ ಮಗುವಿಗೆ ಅದೇ ಆಸರೆಯಾಗುತ್ತಿತ್ತು.

ಸತ್ತರು ಎಂಬ ಮಾತಿಗೆ ನಾವು ಹಿಂಜರಿಯುತ್ತೇವೆ. ನಮ್ಮ ಕಡೆ ಹೋದರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು, ದೇವರು ಕರಕೊಂಡ ಎನ್ನುವುದೇ ಹೆಚ್ಚು. ದೊಡ್ಡವರ ನಡುವೆ ಇವು ಗೌರವದ ಮಾತುಗಳು. ಒಂದನೆಯ, ಎರಡನೆಯ ತರಗತಿಯ ಮಗುವಿಗಾದರೋ ಹೋದವರು ಯಾವಾಗ ಬರುತ್ತಾರೆ ಎಂಬ ಪ್ರಶ್ನೆ ಹುಟ್ಟುತ್ತದೆ. ತಾಷ್ಕೆಂಟಿಗೆ ಹೋದವರು ಅಲ್ಲಿಂದ ಮತ್ತೆಲ್ಲಿಗೆ ಹೋದರು ಎಂದು ನಾನೂ ಅರ್ಧ ದಿನ ಯೋಚಿಸಿದ್ದೆ. ಮಲಗಿದವರು ಏಳಲಿಲ್ಲ ಎಂದು ಹೇಳಿದರೆ ಮಗು ಮಲಗಲಿಕ್ಕೇ ಹೆದರಬಹುದು. ಆದ್ದರಿಂದ ಸಣ್ಣ ಮಕ್ಕಳಿಗೆ ಸತ್ತರು ಎಂದೇ ಹೇಳಿ, ಸತ್ತವರು ತಿರುಗಿ ಬರುವುದಿಲ್ಲ ಎಂಬುದನ್ನೂ ಮೆಲ್ಲಗೆ ಹೇಳಿ.

ರಜೆ ಘೋಷಣೆಯಾದರೆ ಕೆಲವು ಮಕ್ಕಳು ಹೋ ಎಂದು ಕೂಗಿ ಕುಣಿಯುತ್ತಾರೆ. ಅವರನ್ನು ಹೊಡೆಯಬೇಡಿ, ಎಲ್ಲರ ಮುಂದೆ ನಾಚಿಕೆಪಡಿಸಬೇಡಿ. ಅಂಥ ದಿನ ಪೆಟ್ಟು ತಿಂದ ಒಬ್ಬ ಹಳೆಯ ಗೆಳತಿ ಇಂದಿಗೂ ಆ ಪೆಟ್ಟನ್ನು ನೆನೆಯುತ್ತಾಳೆ, ಯಾರು ತೀರಿಕೊಂಡಿದ್ದರು ಎಂಬುದು ಅವಳಿಗೆ ನೆನಪಿಲ್ಲ. ಗಂಟೆ ಬಾರಿಸುವ ಮೊದಲೇ ರಜೆ ಏಕೆ ಎಂಬುದನ್ನು ತಿಳಿಸಿದರೆ ಆ ಕೂಗು ತಾನಾಗಿಯೇ ಅಡಗುತ್ತದೆ.

ಕೇಳುವ ಮಾತು

ಈ ಬರಹದಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ. ಸುದ್ದಿ ಹೇಳಿದ ಅರ್ಧ ಗಂಟೆಯ ಮೇಲೆ, ಮತ್ತೆ ಮರುದಿನ, ಮತ್ತೆ ಒಂದು ವಾರದ ಮೇಲೆ ಮಗುವನ್ನು ಎರಡು ಪ್ರಶ್ನೆ ಕೇಳಿ: "ಏನಾತು ಅಂತ ನೀ ತಿಳಕೊಂಡಿ?", "ಯಾಕ ಹಿಂಗಾತು ಅಂತ ನಿನಗ ಅನಸ್ತೈತಿ?" ಪ್ರಶ್ನೆ ಮನೆಯ ಮಾತಿನಲ್ಲಿಯೇ ಇರಲಿ. ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದರೆ ಪಠ್ಯಪುಸ್ತಕದ ಉತ್ತರವೇ ಬರುತ್ತದೆ. ಎರಡನೆಯ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಮಗು ತನ್ನನ್ನೇ ಕಾರಣ ಮಾಡಿಕೊಂಡಿದ್ದರೆ ಅದು ಇಲ್ಲಿ ಮಾತ್ರ ಹೊರಬೀಳುತ್ತದೆ. ಏಳೆಂಟು ವರ್ಷದ ಮಕ್ಕಳಲ್ಲಿ ಇದು ಅಪರೂಪವಲ್ಲ. ತಾನು ಮಾಡಿದ್ದಕ್ಕೂ ಜಗತ್ತಿನಲ್ಲಿ ಆದದ್ದಕ್ಕೂ ಗಂಟು ಹಾಕುವುದು ಆ ವಯಸ್ಸಿನ ಬುದ್ಧಿಯ ಸಹಜ ಗುಣ.

ಇಡೀ ತರಗತಿಯನ್ನು ಒಟ್ಟಿಗೆ ಕೇಳಿದರೆ ಮುಂದಿನ ಸಾಲಿನ ಚುರುಕು ಮಕ್ಕಳು ಉತ್ತರ ಹೇಳಿ ಮುಗಿಸುತ್ತಾರೆ. ಸುಮ್ಮನಿರುವ ಮಗುವನ್ನು ಬೇರೆಯಾಗಿ, ಕೈಗೆ ಏನಾದರೂ ಕೆಲಸವಿರುವಾಗ ಮಾತಿಗೆ ಎಳೆಯಬೇಕು. ಕಾಳು ಹಸನು ಮಾಡುವಾಗ, ಹಲಗೆ ಒರೆಸುವಾಗ, ಮನೆಯ ಕಡೆ ನಡೆಯುವಾಗ ಹೊರಡುವ ಮಾತು, ಎದುರಿಗೆ ನಿಲ್ಲಿಸಿ ಕೇಳಿದರೆ ಹೊರಡುವುದಿಲ್ಲ.

2016ರ ಫೆಬ್ರುವರಿಯಲ್ಲಿ, ನನ್ನ ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಯೋಧರು ಅದರಡಿ ಸಿಲುಕಿದರು. ಆರು ದಿನಗಳ ಮೇಲೆ ಅವರಲ್ಲಿ ಒಬ್ಬರು ಜೀವಂತ ಸಿಕ್ಕರು. ಅವರು ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದ ದಿನ ನಮ್ಮ ಶಾಲೆಯ ಮಕ್ಕಳು ಕೈಮುಗಿದು ನಿಂತರು. ದೇಶದ ತುಂಬ ಜನ ಹಾಗೆಯೇ ನಿಂತಿದ್ದರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಮರುದಿನ ಅವರ ದೇಹವನ್ನು ಹುಬ್ಬಳ್ಳಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಿ ಬೆಟದೂರಿಗೆ ಒಯ್ದರು. ತರಗತಿಯಲ್ಲಿ ಯಾರೂ ಅಳಲಿಲ್ಲ. ಮೂರನೆಯ ತರಗತಿಯ ಒಬ್ಬ ಹುಡುಗ ಮಾತ್ರ ತಲೆ ಎತ್ತದೆ ಕುಳಿತಿದ್ದ. ನೀರಿನ ಕೊಡ ತುಂಬಿಸುವ ನೆಪದಲ್ಲಿ ಅವನನ್ನು ಹೊರಗೆ ಕರೆದೊಯ್ದು ಕೇಳಿದಾಗ, "ನಾ ಕಣ್ಣ ತೆರದು ನೋಡಿದ್ನಿರಿ ಅಕ್ಕೋರ, ಪ್ರಾರ್ಥನಾದಾಗ. ಅದಕ್ಕ ಹಿಂಗಾತೇನ್ರಿ?" ಎಂದ.

ಐವತ್ತು ವರ್ಷಗಳ ಹಿಂದಿನ ನನ್ನ ಶೇಂಗಾ ಬೆಲ್ಲ ಅವನ ಬಾಯಿಂದ ಹೊರಬಂದಂತಾಯಿತು. ಅಂಥ ಹೊತ್ತಿನಲ್ಲಿ "ಹುಚ್ಚಪ್ಪ, ಹಂಗೆಲ್ಲ ಅನಬಾರದು" ಎಂದು ಮುಗಿಸಿಬಿಡಬೇಡಿ. ನಿಜವಾದ ಕಾರಣವನ್ನು ಅವನ ಕೈಗೆ ಕೊಡಿ. ನಾನು ಹೇಳಿದ್ದು ಇಷ್ಟು: ಅವರು ಆರು ದಿನ ಆಳವಾದ ಹಿಮದ ಅಡಿಯಲ್ಲಿದ್ದರು, ಚಳಿಯಲ್ಲಿ ಅವರ ಮೂತ್ರಪಿಂಡ, ಯಕೃತ್ತು ಎಲ್ಲ ಸೋತಿದ್ದವು, ವೈದ್ಯರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಆದರೂ ದೇಹ ಚೇತರಿಸಿಕೊಳ್ಳಲಿಲ್ಲ, ನೀನು ಕಣ್ಣು ತೆರೆದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅಂದು ನಾನೂ ಕಣ್ಣು ತೆರೆದು ನಿಮ್ಮನ್ನೆಲ್ಲ ನೋಡುತ್ತಿದ್ದೆ. ಅವನು ಅದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಮಗು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸದೆ ಅದೇ ಉತ್ತರವನ್ನು ಅದೇ ಮಾತುಗಳಲ್ಲಿ ಕೊಡಿ.

ಉಳಿಸಿಕೊಳ್ಳಬಹುದಾದ ಭರವಸೆ

"ನಮಗ ಹಿಂಗ ಆಗಂಗಿಲ್ಲಲ್ರಿ?" ಎಂಬುದು ಪ್ರತಿ ದುರಂತದ ನಂತರ ಬರುವ ಪ್ರಶ್ನೆ. 2001ರ ಜನವರಿ 26ರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ನಾವು ಪ್ರಭಾತ ಫೇರಿ ಮುಗಿಸಿ ಧ್ವಜ ಹಾರಿಸುವ ಸಿದ್ಧತೆಯಲ್ಲಿದ್ದೆವು. ಅದೇ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿತು. ಅಂಜಾರ್ ಎಂಬ ಪಟ್ಟಣದ ಕಿರಿದಾದ ಓಣಿಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಹೊರಟಿದ್ದ ಶಾಲಾಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡಗಳು ಕುಸಿದು, 180ಕ್ಕೂ ಹೆಚ್ಚು ಮಕ್ಕಳು ತಮ್ಮ ಶಿಕ್ಷಕರೊಂದಿಗೆ ಸತ್ತರು. ಈಗ ಅಲ್ಲಿ ಅವರ ಹೆಸರುಗಳನ್ನು ಬರೆದ ವೀರ ಬಾಲಕ ಸ್ಮಾರಕವಿದೆ. ಈ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ನಮ್ಮ ಮಕ್ಕಳು ಶಾಲೆಯ ಹಿಂದಿನ ಇಕ್ಕಟ್ಟಾದ ಓಣಿಯನ್ನು ಬಿಟ್ಟು ಸುತ್ತುಬಳಸಿ ಬರತೊಡಗಿದರು. ತಮ್ಮಂತೆಯೇ ಬಿಳಿ ಅಂಗಿ ತೊಟ್ಟು, ತಮ್ಮಂತೆಯೇ ಸಾಲಾಗಿ ನಡೆಯುತ್ತಿದ್ದವರು ಸತ್ತಿದ್ದಾರೆಂದರೆ ಆ ಭಯಕ್ಕೆ ಅರ್ಥವಿತ್ತು.

ಇಲ್ಲಿ ಏನೂ ಆಗುವುದಿಲ್ಲ ಎಂದು ಆಣೆ ಮಾಡುವುದು ಸುಲಭ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತಾಗ, ಆ ಭಾಗವನ್ನೂ ಸುರಕ್ಷಿತವೆಂದೇ ಎಲ್ಲರೂ ತಿಳಿದಿದ್ದರು. ಆದ್ದರಿಂದ ಗೊತ್ತಿದ್ದಷ್ಟನ್ನೇ ಹೇಳಬೇಕು. ಕಛ್ ದೇಶದಲ್ಲಿ ಭೂಕಂಪದ ಅಪಾಯ ಬಹಳ ಹೆಚ್ಚಿರುವ ಭಾಗಗಳಲ್ಲೊಂದು, ನಮ್ಮ ಭಾಗದಲ್ಲಿ ಅಪಾಯ ಅದಕ್ಕಿಂತ ಬಹಳ ಕಡಿಮೆ. ಆದರೂ ನೆಲ ನಡುಗಿದರೆ ಮೊದಲು ಮೇಜಿನ ಅಡಿ ತಲೆ ಮುಚ್ಚಿಕೊಂಡು ಕೂಡಬೇಕು, ನಡುಕ ನಿಂತ ಮೇಲೆ ಸಾಲಾಗಿ ಮೈದಾನಕ್ಕೆ ಬರಬೇಕು, ನಾನು ಬಾಗಿಲಲ್ಲಿ ನಿಂತು ಎಲ್ಲರನ್ನೂ ಎಣಿಸುತ್ತೇನೆ. ಹೀಗೆ ಹೇಳಿ, ಒಮ್ಮೆ ಮಾಡಿಸಿಯೂ ತೋರಿಸಿದ ಮೇಲೆ ನಮ್ಮ ಮಕ್ಕಳು ಮತ್ತೆ ಆ ಓಣಿಯಲ್ಲಿ ನಡೆದರು. ಕೆಲವು ದಿನ ಅವರು ಮರಳಿನಲ್ಲಿ ಮನೆ ಕಟ್ಟಿ ಕೆಡವುವ ಭೂಕಂಪದ ಆಟವನ್ನು ಆಡಿದರು. ಅದನ್ನು ಅಶುಭವೆಂದು ತಡೆಯಲು ಹೊರಟ ಸಹೋದ್ಯೋಗಿಯನ್ನು ನಾನು ತಡೆದೆ. ಮಕ್ಕಳು ಮಾತಿನಲ್ಲಿ ಹೇಳಲಾರದ್ದನ್ನು ಆಟದಲ್ಲಿ ಹೇಳಿ ಹಗುರಾಗುತ್ತಾರೆ.

ಟಿವಿ, ಮೊಬೈಲ್ ಮತ್ತು ದೂರುವ ಮಾತು

ಟಿವಿಯಲ್ಲಿ ಒಂದೇ ದೃಶ್ಯವನ್ನು ಇಪ್ಪತ್ತು ಸಲ ತೋರಿಸಿದರೆ, ಅದು ಇಪ್ಪತ್ತು ಸಲ ನಡೆಯಿತೆಂದು ಸಣ್ಣ ಮಗು ತಿಳಿಯಬಹುದು. ಐದಾರು ವರ್ಷದವರಿರುವ ಮನೆಯಲ್ಲಿ ಅಂದು ಟಿವಿ ಹಚ್ಚದಿರುವುದೇ ಲೇಸು. ದೊಡ್ಡ ಮಕ್ಕಳೊಡನೆ ನೀವೂ ಕುಳಿತು ಒಂದು ವಾರ್ತೆ ನೋಡಿ ಆರಿಸಿಬಿಡಿ. ಹೈಸ್ಕೂಲಿನವರ ಕೈಯಿಂದ ಮೊಬೈಲ್ ಕಸಿಯುವುದು ಈಗ ಆಗದ ಮಾತು, ಆದ್ದರಿಂದ ಏನು ಬಂತು, ಅದನ್ನು ಯಾರು ಕಳಿಸಿದರು ಎಂದು ದಿನಕ್ಕೊಮ್ಮೆ ಕೇಳಿ.

ದುರಂತ ಭಯೋತ್ಪಾದಕರಿಂದ ಆಗಿದ್ದರೆ ತರಗತಿಯ ಮೇಲೆ ಇನ್ನೊಂದು ಕಣ್ಣಿಡಬೇಕು. 2008ರ ನವೆಂಬರ್ 26ರಂದು ಮುಂಬೈಯಲ್ಲಿ ದಾಳಿಯಾದ ಮೇಲಿನ ವಾರ, ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಬ್ಬ ಮುಸ್ಲಿಂ ಹುಡುಗನ ಪಕ್ಕದ ಜಾಗ ಖಾಲಿ ಉಳಿಯಿತು. ಮೂರು ದಿನ ಅದು ನಮ್ಮ ಯಾರ ಗಮನಕ್ಕೂ ಬರಲಿಲ್ಲ, ಇದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ. ದಾಳಿ ಮಾಡಿದವರು ಸಮುದ್ರದ ಮೇಲಿಂದ ಬಂದ ಹತ್ತು ಜನ, ಅವರ ಗುಂಡಿಗೆ ಎಲ್ಲ ಧರ್ಮದವರೂ ಬಲಿಯಾದರು ಎಂಬುದನ್ನು ಮೊದಲ ದಿನವೇ ಹೇಳಿದ್ದರೆ ಆ ಜಾಗ ಖಾಲಿಯಾಗುತ್ತಿರಲಿಲ್ಲ. ಉಪದೇಶ ಕೊಡುವ ಬದಲು ನಾನು ಹೋಗಿ ಆ ಹುಡುಗನ ಪಕ್ಕದಲ್ಲಿ ಕುಳಿತು ಲೆಕ್ಕ ಹೇಳಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕೂಡಲು ಮಕ್ಕಳೇ ಬಂದರು.

ಕೈಗೆ ಕೆಲಸ

ಮೌನಾಚರಣೆ ಒಂದು ನಿಮಿಷ ಸಾಕು. ಸಣ್ಣವರಿಗೆ ಎರಡು ನಿಮಿಷ ದೊಡ್ಡ ಕಾಲ. ಆ ನಿಮಿಷದಲ್ಲಿ ಯಾರನ್ನು ನೆನೆಯಬೇಕೆಂದು ಮೊದಲೇ ಹೇಳಿ. ಧ್ವಜವನ್ನು ಅರ್ಧಕ್ಕೆ ಇಳಿಸುವ ಆದೇಶ ಬಂದಿದ್ದರೆ ಕ್ರಮ ತಪ್ಪಬಾರದು: ಮೊದಲು ಕಂಬದ ತುದಿಯವರೆಗೆ ಏರಿಸಿ, ಅಲ್ಲಿಂದ ಅರ್ಧಕ್ಕೆ ತರಬೇಕು, ಸಂಜೆ ಇಳಿಸುವ ಮುನ್ನ ಮತ್ತೆ ತುದಿಗೆ ಏರಿಸಬೇಕು. ಹೀಗೇಕೆ ಮಾಡುತ್ತೇವೆಂದು ಮಕ್ಕಳು ಕೇಳುತ್ತಾರೆ, ಹೇಳಿ.

ಪರಿಹಾರ ನಿಧಿಗೆ ಮನೆಯಿಂದ ಹಣ ತರಿಸುವುದಕ್ಕಿಂತ, ಮಗು ತನ್ನ ಕೈಯಾರೆ ಕೊಡಬಹುದಾದದ್ದನ್ನು ಕೊಡಿಸುವುದು ಉತ್ತಮ. 2019ರ ಆಗಸ್ಟಿನ ನೆರೆಯ ಹೊತ್ತಿನಲ್ಲಿ ನಮ್ಮ ಕಡೆಯ ಮನೆಮನೆಗಳಲ್ಲಿ ಸಂತ್ರಸ್ತರಿಗಾಗಿ ಕಡಕ್ ರೊಟ್ಟಿ ಬಡಿದು ಕಳಿಸಿದರು. ಬಹಳ ದಿನ ಕೆಡದೆ ಇರುವ ಅನ್ನ ಅದು. ನನ್ನ ಮೊಮ್ಮಗಳು ರೊಟ್ಟಿ ಎಣಿಸಿ ಹತ್ತು ಹತ್ತರಂತೆ ಕಾಗದದಲ್ಲಿ ಕಟ್ಟಿದಳು. ಅಂದಿನಿಂದ ಅವಳಿಗೆ ಮಳೆಯ ಸಪ್ಪಳದ ಭಯ ಕಡಿಮೆಯಾಯಿತು. ಮಕ್ಕಳಿಂದ ಬರೆಯಿಸಿ, ಚಿತ್ರ ತೆಗೆಯಿಸಿ, ಆದರೆ ಅದಕ್ಕೆ ಅಂಕ ಕೊಡಬೇಡಿ, ತಿದ್ದಬೇಡಿ, ಗೋಡೆಗೆ ಹಚ್ಚಬೇಡಿ. ದುರಂತದ ವಿಷಯ ಕೊಟ್ಟು ಭಾಷಣ ಸ್ಪರ್ಧೆ ಏರ್ಪಡಿಸಿ ಬಹುಮಾನ ಹಂಚುವುದನ್ನು ನಾನು ಒಪ್ಪಲಾರೆ. ಅಲ್ಲಿ ಮಗು ದುಃಖವನ್ನು ಬಾಯಿಪಾಠ ಮಾಡುವುದನ್ನು ಕಲಿಯುತ್ತದೆ.

ವೈದ್ಯರ ನೆರವು

ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವೆಂದು ಶಾಲೆಗೆ ಬರಲೊಲ್ಲದಿರುವುದು, ಅವ್ವನ ಸೆರಗು ಬಿಡದಿರುವುದು ಮೊದಲ ಕೆಲವು ದಿನ ಸಹಜ. ಒಂದು ತಿಂಗಳು ಕಳೆದರೂ ಇವು ಇಳಿಯದಿದ್ದರೆ, ಅಥವಾ ಮಗು ಊಟ, ಆಟ, ಮಾತು ಬಿಟ್ಟಿದ್ದರೆ ಅದಕ್ಕೂ ಮೊದಲೇ, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೋ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದೃಷ್ಟಿ ತೆಗೆಸುವುದು, ಚೀಟಿ ಕಟ್ಟಿಸುವುದು ನಿಮ್ಮ ನಂಬಿಕೆಯಾದರೆ ಮಾಡಿರಿ, ಆದರೆ ವೈದ್ಯರನ್ನು ಕಾಣುವುದನ್ನು ಅದಕ್ಕಾಗಿ ಮುಂದೂಡಬೇಡಿ. ಮನೆಯಲ್ಲಿ ಇತ್ತೀಚೆಗೆ ಸಾವಾಗಿರುವ ಮಕ್ಕಳು, ಅಪ್ಪನೋ ಅಣ್ಣನೋ ಸೈನ್ಯದಲ್ಲಿರುವ ಮಕ್ಕಳು ಯಾರು ಎಂಬ ಪಟ್ಟಿ ಪ್ರತಿ ಶಾಲೆಯಲ್ಲಿರಬೇಕು. ಅವರನ್ನು ಅಂದೇ ಮೊದಲು ವಿಚಾರಿಸಬೇಕು.

ಹಾರ ತೆಗೆಯುವುದು

ನಮ್ಮ ಶಾಲೆಯಲ್ಲಿ ಶಾಸ್ತ್ರಿಯವರ ಭಾವಚಿತ್ರಕ್ಕೆ ಹಾಕಿದ್ದ ಚೆಂಡು ಹೂವಿನ ಹಾರ ಬೇಸಿಗೆ ರಜೆಯವರೆಗೂ ಅಲ್ಲಿಯೇ ಇತ್ತು. ಹೂವು ಒಣಗಿ, ಕಂದಾಗಿ, ಎಸಳು ಉದುರಿ ನೂಲಷ್ಟೇ ಉಳಿಯಿತು. ಪ್ರತಿದಿನ ಅದರ ಕೆಳಗೆ ಹಾದು ತರಗತಿಗೆ ಹೋಗುವಾಗ ನಾನು ತಲೆ ತಗ್ಗಿಸುತ್ತಿದ್ದೆ, ಅದನ್ನೂ ಗುರುಗಳು ಗೌರವವೆಂದೇ ಎಣಿಸಿದರು. ಭಾವಚಿತ್ರಕ್ಕೆ ಹಾರ ಹಾಕುವಾಗಲೇ ಅದನ್ನು ಯಾವ ದಿನ ತೆಗೆಯುತ್ತೇವೆಂದು ಮಕ್ಕಳಿಗೆ ಹೇಳಿಬಿಡಿ. ಐದನೆಯ ದಿನವೋ ಏಳನೆಯ ದಿನವೋ ಪ್ರಾರ್ಥನೆಯ ನಂತರ ಇಬ್ಬರು ಮಕ್ಕಳಿಂದಲೇ ಹಾರ ಇಳಿಸಿ, ಹೂವನ್ನು ಶಾಲೆಯ ಗಿಡದ ಬುಡಕ್ಕೆ ಹಾಕಿಸಿ, ಚಿತ್ರದ ಗಾಜನ್ನು ಒರೆಸಿ ಮೊದಲಿದ್ದ ಜಾಗದಲ್ಲಿ ತೂಗುಹಾಕಿಸಿ. ಆಮೇಲೆ ಎಂದಿನಂತೆ ಹಾಜರಿ ಕರೆಯಿರಿ.